ಕ್ರೂಸ್ ಜಾಹೀರಾತುಗಳಲ್ಲಿ ಬಂದರಿನ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಬೇಸಗೆ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಮೆಡಿಟರೇನಿಯನ್ ಕ್ರೂಸ್ ಪ್ರವಾಸದ ಜಾಹೀರಾತುಗಳು ಕಾಣಿಸಿಕೊಳ್ಳತೊಡಗಿವೆ. ಮಕ್ಕಳು ಜರ್ಮನಿಯಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿರುವ, ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಊರು ಸುತ್ತಲೆಂದೇ ತೆಗೆದಿಟ್ಟಿರುವ ಉಡುಪಿ, ಮಂಗಳೂರಿನ ಅನೇಕ ದಂಪತಿಗಳು ಇಂತಹ ಪ್ರವಾಸಗಳಿಗೆ ಹೆಸರು ಕೊಡುತ್ತಿದ್ದಾರೆ. ಇದು ಸಂತೋಷದ ವಿಷಯವೇ. ಆದರೆ ‘ಒಂದೇ ವಾರದಲ್ಲಿ ರೋಮ್, ಫ್ಲಾರೆನ್ಸ್, ಅಥೆನ್ಸ್’ ಎಂಬ ಧಾಟಿಯಲ್ಲಿ ಅಚ್ಚಾಗುವ ಈ ಜಾಹೀರಾತುಗಳಲ್ಲಿ ಹಡಗು ನಿಲ್ಲುವ ಧಕ್ಕೆ ಆ ಊರುಗಳಲ್ಲಿ ಇಲ್ಲವೆಂಬ ಸಂಗತಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಲಕ್ಷಗಟ್ಟಲೆ ರೂಪಾಯಿ ಕಟ್ಟಿ ಹೋದವರು ಬಂದರಿನಲ್ಲಿ ಇಳಿದ ಮೇಲೆ ಇದನ್ನು ಕಂಡುಕೊಂಡು ಪೇಚಾಡುವುದನ್ನು ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ರೋಮ್ ಎಂದು ಬರೆದುಕೊಂಡ ಹಡಗುಗಳು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ರೋಮನ್ ಚಕ್ರವರ್ತಿ ಟ್ರಾಜನ್ ಕಟ್ಟಿಸಿದ ಈ ಬಂದರು ನಗರದಿಂದ ವಾಯವ್ಯಕ್ಕೆ 70ರಿಂದ 80 ಕಿಲೋಮೀಟರ್ ದೂರದಲ್ಲಿದೆ. ಫ್ಲಾರೆನ್ಸ್ ಎಂಬಲ್ಲಿ ಹಡಗು ಕಟ್ಟುವುದು ಲಿವೊರ್ನೊದಲ್ಲಿ. ಅಲ್ಲಿಂದ ಫ್ಲಾರೆನ್ಸ್‌ಗೆ ಸುಮಾರು 90 ಕಿಲೋಮೀಟರ್, ಅಂದರೆ ಪಣಂಬೂರಿನಲ್ಲಿ ಇಳಿದವರು ಕುಂದಾಪುರ ನೋಡಿಕೊಂಡು ಸಂಜೆಯೊಳಗೆ ಮರಳಿ ಹಡಗು ಹತ್ತಬೇಕಾದಷ್ಟು ದೂರ. ಅಥೆನ್ಸ್‌ನ ಬಂದರಾದ ಪಿರೇಯಸ್ ಹತ್ತು ಹನ್ನೆರಡು ಕಿಲೋಮೀಟರಿನಲ್ಲಿರುವುದರಿಂದ ಅಷ್ಟು ತೊಂದರೆಯಿಲ್ಲ. ವೆನಿಸ್‌ನ ಕತೆ ಬೇರೆಯೇ. 25,000 ಟನ್ನಿಗಿಂತ ದೊಡ್ಡ ಹಡಗುಗಳು ಸೇಂಟ್ ಮಾರ್ಕ್ ಚೌಕದ ಎದುರು ಹಾಯುವುದನ್ನು 2021ರ ಆಗಸ್ಟ್ 1ರಿಂದ ಅಲ್ಲಿನ ಸರಕಾರ ನಿಷೇಧಿಸಿದ್ದು, ದೊಡ್ಡ ಹಡಗುಗಳು ಈಗ ಕೈಗಾರಿಕಾ ಬಂದರಾದ ಮರ್ಗೆರಾದಲ್ಲೋ, ನೂರು ಕಿಲೋಮೀಟರಿಗೂ ಆಚೆಯ ರವೆನ್ನಾ ಅಥವಾ ಟ್ರಿಯೆಸ್ಟೆಯಲ್ಲೋ ನಿಲ್ಲುತ್ತವೆ. ಹಡಗಿನ ಮೇಲಂತಸ್ತಿನಲ್ಲಿ ನಿಂತು ವೆನಿಸ್‌ನ ಗೋಪುರಗಳನ್ನು ಕೈಗೆಟಕುವಷ್ಟು ಹತ್ತಿರದಿಂದ ನೋಡುವ ಹಳೆಯ ಚಿತ್ರಗಳನ್ನು ಇಂದಿಗೂ ಜಾಹೀರಾತುಗಳಲ್ಲಿ ಬಳಸುತ್ತಿರುವುದು ನ್ಯಾಯವಲ್ಲ.

ಬಂದರಿಗೂ ಊರಿಗೂ ಇರುವ ಈ ಅಂತರ ಕರಾವಳಿಯವರಾದ ನಮಗೆ ಹೊಸದೇನೂ ಅಲ್ಲ. ಮಳೆಗಾಲ ಮುಗಿದ ಮೇಲೆ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಅದರಲ್ಲಿ ಬಂದವರನ್ನು ಬಸ್ಸುಗಳಲ್ಲಿ ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಹೆಚ್ಚೆಂದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ತೋರಿಸಿ ಸಂಜೆಯೊಳಗೆ ವಾಪಸು ಬಿಡುತ್ತಾರೆ. ಅವರಿಗೆ ಯಾರಾದರೂ ಹಂಪಿ ತೋರಿಸುತ್ತೇನೆಂದು ಹಣ ಪಡೆದರೆ ನಾವೇ ಗದರಿಸಿ ಕಳಿಸುತ್ತೇವೆ. ಹಡಗಿನವರಿಗೆ ಸಿಗುವ ಹೊತ್ತು ಎಷ್ಟು, ಅದರಲ್ಲಿ ಎಷ್ಟು ದೂರ ಹೋಗಿ ಬರಬಹುದು ಎಂಬ ಅಂದಾಜು ನಮಗೆ ಇಲ್ಲಿ ಇದೆ. ಅದೇ ಅಂದಾಜನ್ನು ನಾವು ಆ ಕಡೆ ಹೋಗುವಾಗಲೂ ಬಳಸಬೇಕು ಎಂಬುದಷ್ಟೇ ನನ್ನ ವಾದ.

ನಮ್ಮ ಬೀದಿಯ ಹಿರಿಯರೊಬ್ಬರು ಹೊರಡುವ ಮುನ್ನ ಕೇಳಿದ್ದರು: “ಟೀಚರೇ, ರೋಮ್‌ನಲ್ಲಿ ಹಡಗು ನಿಲ್ಲುವಲ್ಲಿಂದ ಪೋಪರ ಇಗರ್ಜಿಗೆ ರಿಕ್ಷಾ ಸಿಗ್ತದಾ? ನಮ್ಮ ಕಾಗದದಲ್ಲಿ ಹನ್ನೆರಡು ಗಂಟೆ ಟೈಮ್ ಉಂಟು ಅಂತ ಬರೆದಿದ್ದಾರೆ.” ಆ ಹನ್ನೆರಡು ಗಂಟೆಯ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯವೆನಿಸುತ್ತದೆ. ಹಡಗು ಬೆಳಗ್ಗೆ 7ಕ್ಕೆ ಚಿವಿತಾವೆಕ್ಕಿಯಾಕ್ಕೆ ಬಂದು ಸಂಜೆ 7ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. 7 ಗಂಟೆ ಎಂದರೆ ಹಗ್ಗ ಕಟ್ಟುವ ಹೊತ್ತೇ ಹೊರತು ಇಳಿಯುವ ಹೊತ್ತಲ್ಲ. ಬಂದರಿನ ಅಧಿಕಾರಿಗಳ ಅನುಮತಿ ಸಿಕ್ಕಿ, ಏಣಿ ಇಳಿಸಿ, ಮುಂಗಡ ಕಾಯ್ದಿರಿಸಿದ ಬಸ್ ಪ್ರವಾಸದವರನ್ನು ಮೊದಲು ಕಳಿಸಿ, ಉಳಿದವರ ಸರದಿ ಬರುವಾಗ 8 ಗಂಟೆಯಾದರೂ ಆಶ್ಚರ್ಯವಿಲ್ಲ. ಬಂದರಿನೊಳಗೆ ಅಡ್ಡಾಡುವಂತಿಲ್ಲವಾದ್ದರಿಂದ ಶಟಲ್ ಬಸ್ ಹಿಡಿದು ಲಾರ್ಗೊ ದೆಲ್ಲಾ ಪಾಚೆ ಎಂಬ ನಿಲ್ದಾಣಕ್ಕೆ ಬರಬೇಕು. ಅಲ್ಲಿಂದ ರೈಲು ನಿಲ್ದಾಣಕ್ಕೆ ಇಪ್ಪತ್ತು ನಿಮಿಷದ ನಡಿಗೆ, ಇಲ್ಲವೇ ಇನ್ನೊಂದು ಬಸ್ಸು. ಟಿಕೆಟಿನ ಸಾಲು ಮುಗಿಸಿ 9ರ ಆಸುಪಾಸಿನ ರೈಲು ಸಿಕ್ಕಿದರೆ ವ್ಯಾಟಿಕನ್‌ಗೆ ಹತ್ತಿರದ ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿಯುವಾಗ ಗಂಟೆ ಹತ್ತು. ಇತ್ತ ಹಡಗು 7ಕ್ಕೆ ಹೊರಡುವುದಾದರೂ ಎಲ್ಲರೂ ಒಳಗಿರಬೇಕಾದ ಗಡುವು ಅದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚಿತ. ಒಂದು ರೈಲು ತಪ್ಪಿದರೂ ಮುಂದಿನದರಲ್ಲಿ ಬಂದು ಸೇರುವಂತಿರಬೇಕಾದರೆ ಮಧ್ಯಾಹ್ನ 3.30ಕ್ಕೆ ರೋಮ್ ಬಿಡಲೇಬೇಕು. ಹೀಗೆ ಕಾಗದದ ಮೇಲಿನ ಹನ್ನೆರಡು ಗಂಟೆ ಐದೂವರೆ ಗಂಟೆಗೆ ಇಳಿಯಿತು. ಊಟ, ಶೌಚಾಲಯ, ತಪಾಸಣೆಯ ಸಾಲು ಇವನ್ನು ಕಳೆದರೆ ನೋಡಲು ಉಳಿಯುವುದು ನಾಲ್ಕು ಗಂಟೆ.

ನಾಲ್ಕು ಗಂಟೆಯಲ್ಲಿ ರೋಮ್ ನೋಡಲಾಗದು. ರೋಮ್‌ನ ಒಂದು ಮಗ್ಗುಲನ್ನು ನೋಡಬಹುದು. ಕೊಲೊಸಿಯಂ ಕಡೆ ಹೋಗುವುದೋ ವ್ಯಾಟಿಕನ್ ಕಡೆಯೋ ಎಂಬುದನ್ನು ಮನೆಯಲ್ಲಿ ಕುಳಿತೇ ತೀರ್ಮಾನಿಸಿಕೊಳ್ಳಬೇಕು. ಎರಡನ್ನೂ ಸೇರಿಸಿದವರು ಎರಡರ ಸಾಲುಗಳನ್ನು ಮಾತ್ರ ಚೆನ್ನಾಗಿ ನೋಡಿ ಬರುತ್ತಾರೆ. ನನ್ನನ್ನು ಕೇಳಿದರೆ, ಮೊದಲ ಸಲ ಹೋಗುವವರು ಸಾನ್ ಪಿಯೆತ್ರೊದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಸಂತ ಪೀಟರರ ಚೌಕ ಸಿಗುತ್ತದೆ. ಅಲ್ಲಿನ ಬೆಸಿಲಿಕಾವನ್ನು, ಅಂದರೆ ಪೋಪರ ಇಗರ್ಜಿಯನ್ನು ನೋಡಿ, ಟೈಬರ್ ನದಿಯನ್ನು ಸಾಂತ್ ಆಂಜೆಲೊ ಸೇತುವೆಯ ಮೇಲೆ ದಾಟಿ, ನವೋನಾ ಚೌಕ, ರೋಮನ್ನರ ಕಾಲದ ದೇಗುಲವಾದ ಪ್ಯಾಂಥಿಯನ್ ಇವುಗಳನ್ನು ಕಾಲ್ನಡಿಗೆಯಲ್ಲೇ ಮುಗಿಸಿ, ಕಾಲಿನಲ್ಲಿ ಇನ್ನೂ ಶಕ್ತಿಯಿದ್ದರೆ ಟ್ರೆವಿ ಕಾರಂಜಿಯವರೆಗೆ ಹೋಗಿ ಬರಬಹುದು. ಬೆಸಿಲಿಕಾಕ್ಕೆ ಪ್ರವೇಶ ಶುಲ್ಕವಿಲ್ಲ, ಆದರೆ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು. ಸೀರೆ, ಚೂಡಿದಾರದವರಿಗೆ ಈ ಚಿಂತೆಯಿಲ್ಲ, ಅರ್ಧ ಚಡ್ಡಿ ಹಾಕಿಕೊಂಡ ಗಂಡಸರಿಗೆ ಇದೆ. ಬುಧವಾರ ಬೆಳಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನ ಚೌಕದಲ್ಲಿದ್ದರೆ ಆ ಹೊತ್ತಿಗೆ ಬೆಸಿಲಿಕಾ ತೆರೆದಿರುವುದಿಲ್ಲ. ಪ್ಯಾಂಥಿಯನ್‌ಗೆ 2023ರ ಜುಲೈಯಿಂದ ಟಿಕೆಟ್ ಮಾಡಿದ್ದಾರೆ. ಮೈಕೆಲೇಂಜೆಲೊ ಚಾವಣಿಗೆ ಚಿತ್ರ ಬರೆದ ಸಿಸ್ಟೀನ್ ಚಾಪೆಲ್ ನೋಡಬೇಕೆನ್ನುವವರು ವ್ಯಾಟಿಕನ್ ಮ್ಯೂಸಿಯಂನ ಸಮಯ ಗೊತ್ತುಪಡಿಸಿದ ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ಕೊಂಡಿರಬೇಕು. ತಿಂಗಳ ಕೊನೆಯ ಭಾನುವಾರದ ಹೊರತು ಉಳಿದ ಭಾನುವಾರಗಳಂದು ಆ ಮ್ಯೂಸಿಯಂ ಮುಚ್ಚಿರುತ್ತದೆ. ಒಳಗೆ ಹೋದ ಮೇಲೆ ಮೂರು ಗಂಟೆ ಅದಕ್ಕೇ ಮೀಸಲು. ಜನಜಂಗುಳಿಯ ನಡುವೆ ಕತ್ತೆತ್ತಿ ನಿಂತು, ಮುಂದೆ ಸಾಗಿ ಎಂಬ ಕಾವಲುಗಾರರ ಕೂಗು ಕೇಳುತ್ತಾ ನೋಡುವ ಮೈಕೆಲೇಂಜೆಲೊನ ಚಾವಣಿಗೆ ಮನಸ್ಸು ಸಿದ್ಧವಾಗಬೇಕಿದ್ದರೆ, ಹೊರಡುವ ಮುನ್ನ ಒಂದು ಮಧ್ಯಾಹ್ನ ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಕುಳಿತು ಬರುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಟಲಿಯಿಂದಲೇ ಇಲ್ಲಿಗೆ ಬಂದ ಅಂಟೋನಿಯೊ ಮೊಸ್ಕೆನಿ ಗೋಡೆ, ಚಾವಣಿಗಳ ತುಂಬ ಬರೆದ ಚಿತ್ರಗಳನ್ನು ಅಲ್ಲಿ ಸಾವಧಾನವಾಗಿ ನೋಡಬಹುದು.

ಇಟಲಿಯ ರೈಲುಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ ಸಾಲದು. ಪ್ಲಾಟ್‌ಫಾರ್ಮಿನ ಬಳಿ ಕಂಬಕ್ಕೋ ಗೋಡೆಗೋ ಜೋಡಿಸಿದ ಪುಟ್ಟ ಪೆಟ್ಟಿಗೆಯ ಬಾಯಿಗೆ ಟಿಕೆಟಿನ ತುದಿಯನ್ನು ತೂರಿಸಿದರೆ ಕಿರ್ ಎಂದು ಸದ್ದಾಗಿ ತಾರೀಕು, ಗಂಟೆ ಅಚ್ಚಾಗುತ್ತದೆ. ಆ ಅಚ್ಚಿಲ್ಲದ ಟಿಕೆಟ್ ಹಿಡಿದವರಿಂದ ತಪಾಸಣೆಯವರು ದಂಡ ವಸೂಲು ಮಾಡುತ್ತಾರೆ, ವಿದೇಶಿಯರೆಂಬ ರಿಯಾಯಿತಿ ಇಲ್ಲ. ಎರಡನೆಯದು ಮುಷ್ಕರ. ಅಲ್ಲಿ ರೈಲು ನೌಕರರ ಮುಷ್ಕರಗಳನ್ನು ಮೊದಲೇ ಸಾರುತ್ತಾರೆ, ಹಾಗೂ ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9ರವರೆಗೆ, ಸಂಜೆ 6ರಿಂದ 9ರವರೆಗೆ ಕೆಲವು ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಕಚೇರಿಗೆ ಹೋಗಿ ಬರುವವರಿಗೆ ಇದರಿಂದ ಅನುಕೂಲ, ಮಧ್ಯಾಹ್ನ 3.30ಕ್ಕೆ ಮರಳಬೇಕಾದ ಹಡಗಿನವರಿಗೆ ಏನೂ ಪ್ರಯೋಜನವಿಲ್ಲ. ಆದ್ದರಿಂದ ನಿಮ್ಮ ಹಡಗು ನಿಲ್ಲುವ ದಿನ ಮುಷ್ಕರವಿದೆಯೇ ಎಂದು ಹಿಂದಿನ ವಾರವೇ ನೋಡಿಕೊಳ್ಳುವುದು ಕ್ಷೇಮ.

ಲಿವೊರ್ನೊದಲ್ಲಿ ಇಳಿದವರು ಮಾಡುವ ಸಾಮಾನ್ಯ ಯೋಜನೆಯೆಂದರೆ ಬೆಳಗ್ಗೆ ಪೀಸಾ, ಮಧ್ಯಾಹ್ನ ಫ್ಲಾರೆನ್ಸ್. ಜಾಹೀರಾತುಗಳೂ ಹಾಗೆಯೇ ಹೇಳುತ್ತವೆ. ಬಂದರಿನಿಂದ ಶಟಲ್ ಬಸ್ಸಿನಲ್ಲಿ ಊರಿನ ನಡುವಿಗೆ, ಅಲ್ಲಿಂದ ಬೇರೆ ಬಸ್ಸಿನಲ್ಲಿ ರೈಲು ನಿಲ್ದಾಣಕ್ಕೆ, ಅಲ್ಲಿಂದ ಪೀಸಾಕ್ಕೆ ಸುಮಾರು ಇಪ್ಪತ್ತು ನಿಮಿಷ, ಫ್ಲಾರೆನ್ಸ್‌ಗೆ ಒಂದೂಕಾಲರಿಂದ ಒಂದೂವರೆ ಗಂಟೆ. ಪೀಸಾದ ಗೋಪುರ ನಿಲ್ದಾಣದ ಎದುರಿಗಿಲ್ಲ. ಅರ್ಧ ಗಂಟೆಯ ಹತ್ತಿರ ನಡೆಯಬೇಕು. 1173ರಲ್ಲಿ ಕಟ್ಟಲು ತೊಡಗಿದ, ವಾಲಿಕೆ ಅಪಾಯ ಮಟ್ಟ ಮುಟ್ಟಿದ್ದರಿಂದ 1990ರಿಂದ 2001ರವರೆಗೆ ಜನರಿಗೆ ಮುಚ್ಚಿದ್ದ, ಬುಡದ ಮಣ್ಣನ್ನು ಹದವರಿತು ತೆಗೆದು ವಾಲಿಕೆಯನ್ನು ಒಂದಿಷ್ಟು ತಗ್ಗಿಸಿದ ಆ ಗೋಪುರವನ್ನು ಬರಿಯ ಫೋಟೊ ತೆಗೆದು ಮುಗಿಸದೆ, ಪಕ್ಕದ ಕೆಥೆಡ್ರಲ್ ಮತ್ತು ದುಂಡಗಿನ ದೀಕ್ಷಾಸ್ನಾನ ಮಂದಿರವನ್ನೂ ಒಳಹೊಕ್ಕು ನೋಡುವುದಾದರೆ ಪೀಸಾ ಒಂದೇ ಅರ್ಧ ದಿನಕ್ಕೆ ಬೇಕು. ವಯಸ್ಸಾದವರಿಗೆ, ಮಂಡಿನೋವಿನವರಿಗೆ ನಾನು ಹೇಳುವುದು ಪೀಸಾ ಒಂದೇ ಸಾಕು ಎಂದು. ಫ್ಲಾರೆನ್ಸ್‌ಗೆ ಹೋಗಲೇಬೇಕೆಂದಿದ್ದರೆ ಪೀಸಾವನ್ನು ಬಿಟ್ಟು ನೇರ ಅಲ್ಲಿಗೇ ಹೋಗಬೇಕು, ಅದೂ ಸೋಮವಾರವಲ್ಲದಿದ್ದರೆ. ಉಫ್ಫಿಜಿ ಚಿತ್ರಶಾಲೆಗೂ ಮೈಕೆಲೇಂಜೆಲೊನ ಡೇವಿಡ್ ಶಿಲ್ಪವಿರುವ ಅಕಾದೆಮಿಯಾಕ್ಕೂ ಸೋಮವಾರ ರಜೆ. ಹಡಗಿನ ವೇಳಾಪಟ್ಟಿ ಕೈಗೆ ಬಂದೊಡನೆ ಯಾವ ಬಂದರಿಗೆ ವಾರದ ಯಾವ ದಿನ ಎಂದು ಗುರುತು ಹಾಕಿಕೊಳ್ಳುವ ಕೆಲಸವನ್ನು ಪ್ರವಾಸ ಸಂಸ್ಥೆಯವರು ಮಾಡಿಕೊಡುವುದಿಲ್ಲ, ನಾವೇ ಮಾಡಬೇಕು.

ಇವಕ್ಕೆ ಹೋಲಿಸಿದರೆ ನೇಪಲ್ಸ್ ಹಡಗಿನವರ ಪಾಲಿನ ಪುಣ್ಯಕ್ಷೇತ್ರ. ಹಡಗು ನಿಲ್ಲುವ ಸ್ತಾತ್ಸಿಯೋನೆ ಮರಿತ್ತಿಮಾದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಹಳೆಯ ಕೋಟೆ, ಅದರ ಹಿಂದೆ ಊರು. ಇಲ್ಲಿಂದ ಪುರಾತನ ರೋಮನ್ ಊರಾದ ಪೊಂಪೇಯಿಗೆ ಹೋಗಲು ಗರಿಬಾಲ್ದಿ ನಿಲ್ದಾಣದಿಂದ ಸರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲಿದೆ. ನಲವತ್ತು ನಿಮಿಷದಷ್ಟು ಪ್ರಯಾಣ, ಇಳಿಯಬೇಕಾದದ್ದು ಪೊಂಪೇಯಿ ಸ್ಕಾವಿ ಎಂಬಲ್ಲಿ. ರೈಲು ಹಳೆಯದು, ಜನ ಕಿಕ್ಕಿರಿದಿರುತ್ತಾರೆ, ಜೇಬುಗಳ್ಳರೂ ಇರುತ್ತಾರೆ. ಕೊರಳಿನ ಕರಿಮಣಿ ಸರವನ್ನು ಹಡಗಿನ ಕೋಣೆಯ ಪೆಟ್ಟಿಗೆಯಲ್ಲಿ ಬಿಟ್ಟು ಬರುವುದು ಅಪಶಕುನವೆಂದು ನಮ್ಮ ಹೆಂಗಸರು ಒಪ್ಪುವುದಿಲ್ಲ. ಒಪ್ಪದಿದ್ದರೆ ಅದನ್ನು ಸೆರಗಿನ ಒಳಗಾದರೂ ಇಟ್ಟುಕೊಳ್ಳಲಿ. 2024ರ ನವೆಂಬರ್‌ನಿಂದ ಪೊಂಪೇಯಿಗೆ ದಿನಕ್ಕೆ 20,000 ಮಂದಿಯನ್ನು ಮಾತ್ರ ಬಿಡುತ್ತಾರೆ, ಟಿಕೆಟಿನಲ್ಲಿ ಹೆಸರು ನಮೂದಾಗಿರುತ್ತದೆ, ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ದೊಡ್ಡ ಬೆನ್ನಚೀಲವನ್ನು ಒಳಗೆ ಬಿಡುವುದಿಲ್ಲ.

ಪೊಂಪೇಯಿಯನ್ನು ನಾನು ಉಳಿದೆಲ್ಲಕ್ಕಿಂತ ಮೇಲಿಡುತ್ತೇನೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಬೂದಿ ಮತ್ತು ಹಗುರ ಕಲ್ಲುಗಳಡಿ ಹೂತುಹೋದ ಈ ಊರಿನಲ್ಲಿ ನೋಡಬೇಕಾದದ್ದು ದೊಡ್ಡ ಕಟ್ಟಡಗಳಿಗಿಂತ ಹೆಚ್ಚಾಗಿ ಬೀದಿಗಳನ್ನು. ಎರಡೂ ಬದಿಗೆ ಎತ್ತರದ ಕಾಲುದಾರಿ, ನಡುವೆ ತಗ್ಗಿನಲ್ಲಿ ಕಪ್ಪು ಕಲ್ಲು ಹಾಸಿದ ರಸ್ತೆ. ಅಲ್ಲಲ್ಲಿ ರಸ್ತೆಗೆ ಅಡ್ಡವಾಗಿ, ಒಂದು ಹೆಜ್ಜೆಯ ಅಂತರದಲ್ಲಿ ದಪ್ಪ ದಪ್ಪ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ನೀರು ಹರಿಯುವಾಗ ಜನ ಕಾಲು ನೆನೆಯದಂತೆ ಅವುಗಳ ಮೇಲೆ ದಾಟಬೇಕು. ಆ ಕಲ್ಲುಗಳ ನಡುವಿನ ಸಂದಿಯಲ್ಲಿ ಗಾಡಿಯ ಚಕ್ರಗಳು ಹಾಯ್ದು ಹಾಯ್ದು ಕೊರೆದ ಜಾಡು ಬೆರಳು ಹುದುಗುವಷ್ಟು ಆಳವಾಗಿದೆ. ಮೂಲೆಯಂಗಡಿಗಳಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯಲ್ಲಿ ದುಂಡಗಿನ ಬಾಯಿಗಳು, ಒಳಗೆ ಹೂತ ಮಡಕೆಗಳು. ಬೀದಿಯಲ್ಲಿ ಹೋಗುವವರು ನಿಂತು ತಿಂಡಿ ತಿಂದು ಹೋಗುತ್ತಿದ್ದ ಹೋಟೆಲುಗಳಿವು. ಊರಿಗೂರೇ ಹೋಟೆಲು ನಡೆಸಿ ಬದುಕಿದ ಉಡುಪಿಯವಳಾದ ನನಗೆ ಅಲ್ಲಿಂದ ಕಾಲು ಕೀಳಲು ಮನಸ್ಸಾಗಲಿಲ್ಲ. ನೆರಳು ಬಹಳ ಕಡಿಮೆ; ಜೂನ್, ಜುಲೈಯ ಬಿಸಿಲಿಗೆ ಟೊಪ್ಪಿ, ನೀರಿನ ಬಾಟಲಿ ಇಲ್ಲದೆ ಹೋಗಬಾರದು. ಅಲ್ಲಿಂದ ಅಗೆದು ತೆಗೆದ ಮೊಸಾಯಿಕ್‌ಗಳೂ ಭಿತ್ತಿಚಿತ್ರಗಳೂ ಹೆಚ್ಚಾಗಿ ಇರುವುದು ನೇಪಲ್ಸ್ ನಗರದ ಪುರಾತತ್ವ ಮ್ಯೂಸಿಯಂನಲ್ಲಿ. ಅದಕ್ಕೆ ಮಂಗಳವಾರ ರಜೆ. ಒಂದೇ ದಿನದಲ್ಲಿ ಎರಡನ್ನೂ ನೋಡುವ ಹಂಬಲ ಬೇಡ.

ಊಟದ ಚಿಂತೆ ನಮ್ಮವರಿಗೆ ಯಾವಾಗಲೂ ಇದ್ದದ್ದೇ. ನೇಪಲ್ಸ್‌ನಲ್ಲಿ ಮಾರ್ಗೆರಿತಾ ಪಿಜ್ಜಾಕ್ಕೆ ಟೊಮೆಟೊ, ಮೊಜರೆಲ್ಲಾ ಚೀಸ್, ತುಳಸಿಯ ಜಾತಿಯ ಎಲೆ ಇಷ್ಟೇ. ಮರಿನಾರಾಕ್ಕೆ ಚೀಸ್ ಇಲ್ಲ, ಆದರೆ ಬೆಳ್ಳುಳ್ಳಿ ಇದೆ, ಆದ್ದರಿಂದ ನೀರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಅದು ಆಗದು. ಇಟಲಿಯ ಪಾರ್ಮೆಜಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆಂಬುದನ್ನು ಕಟ್ಟುನಿಟ್ಟಿನ ಸಸ್ಯಾಹಾರಿಗಳು ತಿಳಿದಿರಬೇಕು. ಲಿವೊರ್ನೊದಲ್ಲಿ ಕಡಲೆಹಿಟ್ಟನ್ನು ನೀರು, ಎಣ್ಣೆಯಲ್ಲಿ ಕಲಸಿ ಒಲೆಯಲ್ಲಿ ಬೇಯಿಸಿ ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ, ಅದು ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ. ಗ್ರೀಸ್‌ನಲ್ಲಿ ಪಾಲಕ್ ತುಂಬಿದ ಸ್ಪನಕೋಪಿತಾ ಎಲ್ಲ ಬೇಕರಿಗಳಲ್ಲಿ ಸಿಗುತ್ತದೆ. ನೀರಿಗೆ ರೋಮ್‌ನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಬೀದಿಬದಿಯ ಸಣ್ಣ ಕಬ್ಬಿಣದ ನಲ್ಲಿಗಳಲ್ಲಿ ಹಗಲಿರುಳೂ ಹರಿಯುವ ನೀರು ಕುಡಿಯಲು ಯೋಗ್ಯವಾದದ್ದೇ.

ಪಿರೇಯಸ್‌ನಿಂದ ಅಥೆನ್ಸ್‌ಗೆ ಮೆಟ್ರೊ ಇರುವುದರಿಂದ ಪ್ರಯಾಣ ಸುಲಭ. ತೊಡಕಿರುವುದು ಪುರಾತನ ದೇಗುಲಗಳಿರುವ ಗುಡ್ಡವಾದ ಆಕ್ರೊಪೊಲಿಸ್‌ನಲ್ಲಿ. 2023ರ ಸೆಪ್ಟೆಂಬರ್‌ನಿಂದ ಅಲ್ಲಿ ದಿನಕ್ಕೆ 20,000 ಮಂದಿಯ ಮಿತಿ ಹಾಗೂ ಗಂಟೆ ಗೊತ್ತುಪಡಿಸಿದ ಟಿಕೆಟ್ ಜಾರಿಯಲ್ಲಿದೆ. ಬಿಸಿಗಾಳಿಯ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಮುಚ್ಚಿದ್ದೂ ಉಂಟು. ಎರಡೂವರೆ ಸಾವಿರ ವರ್ಷ ಜನ ನಡೆದು ನುಣುಪಾದ ಅಮೃತಶಿಲೆ ಕಾಲು ಜಾರಿಸುತ್ತದೆ, ಹವಾಯಿ ಚಪ್ಪಲಿ ಖಂಡಿತ ಬೇಡ.

ಗ್ರೀಸ್‌ನ ದ್ವೀಪವಾದ ಸ್ಯಾಂಟೊರಿನಿಯಲ್ಲಿ ಧಕ್ಕೆಯೇ ಇಲ್ಲ ಎನ್ನಬೇಕು. ಹಡಗು ನೀರಿನಲ್ಲೇ ನಿಲ್ಲುತ್ತದೆ, ದೋಣಿಗಳಲ್ಲಿ ಇಳಿದು ಬಂಡೆಯ ಬುಡಕ್ಕೆ ಬರಬೇಕು, ಅಲ್ಲಿಂದ ಮೇಲಿನ ಫಿರಾ ಊರಿಗೆ ಕೇಬಲ್ ಕಾರ್, ಇಲ್ಲವೇ ಐನೂರಕ್ಕೂ ಹೆಚ್ಚು ಮೆಟ್ಟಿಲು. ಹೇಸರಗತ್ತೆಗಳೂ ಇವೆ, ಅವುಗಳ ಪಾಡು ನೋಡಿದವರು ಹತ್ತಲಾರರು. ಒಂದೇ ದಿನ ಮೂರು ನಾಲ್ಕು ಹಡಗು ಬಂದರೆ ಇಳಿಯುವ ಸಂಜೆ ಕೇಬಲ್ ಕಾರಿನ ಸಾಲು ಒಂದು ಗಂಟೆ ಮೀರುವುದುಂಟು, ಅದನ್ನು ಲೆಕ್ಕಕ್ಕೆ ಹಿಡಿಯದವರೇ ಕೊನೆಗಳಿಗೆಯಲ್ಲಿ ಏದುಸಿರು ಬಿಡುತ್ತಾ ಮೆಟ್ಟಿಲಿಳಿದು ಬರುವವರು. ಈ ದ್ವೀಪಕ್ಕೂ ಮಿಕೊನೋಸ್ ದ್ವೀಪಕ್ಕೂ ಗ್ರೀಸ್ ಸರಕಾರ 2025ರ ಜುಲೈಯಿಂದ ಕ್ರೂಸ್ ಪ್ರಯಾಣಿಕರ ಮೇಲೆ ಶುಲ್ಕ ಹಾಕಿದೆ. ಪ್ರವಾಸದ ಹೆಚ್ಚಳದ ತಿಂಗಳುಗಳಲ್ಲಿ ಅದು ತಲೆಗೆ 20 ಯೂರೋ. ಪ್ಯಾಕೇಜಿನ ಹಣದಲ್ಲಿ ಇದು ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮಾಲ್ಟಾದ ವಲೆಟ್ಟಾ, ಮೊಂಟೆನೆಗ್ರೊದ ಕೊಟೊರ್ ಇಂತಹ ಕಡೆಗಳಲ್ಲಿ ಊರು ಹಡಗಿನ ಬುಡದಲ್ಲೇ ಇರುತ್ತದೆ. ಅಲ್ಲಿ ಯಾವ ಬಸ್ ಪ್ರವಾಸವನ್ನೂ ಕೊಳ್ಳಬೇಕಾಗಿಲ್ಲ. ಹಡಗಿನವರು ಮಾರುವ ಪ್ರವಾಸಗಳು ದುಬಾರಿಯೆಂಬುದು ನಿಜ, ಆದರೆ ಅವಕ್ಕೆ ಒಂದು ದೊಡ್ಡ ಗುಣವಿದೆ: ಅವರ ಬಸ್ಸು ದಾರಿಯಲ್ಲಿ ಸಿಕ್ಕಿಬಿದ್ದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ಮುಂದಿನ ಬಂದರಿಗೆ ತಮ್ಮ ಖರ್ಚಿನಲ್ಲೇ ಹೋಗಿ ಹಡಗು ಸೇರಬೇಕು. ಆದುದರಿಂದ ರೋಮ್, ಫ್ಲಾರೆನ್ಸ್‌ನಂತಹ ದೂರದ ಊರುಗಳಿಗೆ, ಅದರಲ್ಲೂ ವೃದ್ಧರು ಜೊತೆಗಿದ್ದರೆ, ಹಡಗಿನ ಬಸ್ಸೇ ಲೇಸು. ಮಾರ್ಗದರ್ಶಿ, ಊಟ ಯಾವುದೂ ಇಲ್ಲದೆ ಹೋಗಿ ಬರುವ ಸೌಲಭ್ಯ ಮಾತ್ರವಿರುವ ಅಗ್ಗದ ಬಸ್ಸನ್ನೂ ಅನೇಕ ಹಡಗುಗಳವರು ಒದಗಿಸುತ್ತಾರೆ, ಕೇಳಿದರೆ ಹೇಳುತ್ತಾರೆ. ಹತ್ತಿರದ ಊರುಗಳಿಗೆ ಸ್ವಂತ ಕಾಲು ಸಾಕು. ಈ ಮಾತನ್ನು ನನಗೆ ಮೊದಲು ಹೇಳಿದವನು ಕ್ರೂಸ್ ಹಡಗಿನಲ್ಲಿ ದುಡಿಯುವ ನಮ್ಮ ಕಡೆಯ ಹುಡುಗ. ಇಂತಹ ಹಡಗುಗಳ ಅಡುಗೆಮನೆ, ಊಟದ ಸಾಲೆಗಳಲ್ಲಿ ನಮ್ಮ ಜಿಲ್ಲೆಗಳ ಮಕ್ಕಳು ಸಾಕಷ್ಟು ಮಂದಿ ಇದ್ದಾರೆ. ತುಳುವಿನಲ್ಲಿ ಒಂದು ಮಾತು ಕೇಳಿದರೆ ಜಾಹೀರಾತಿನಲ್ಲಿಲ್ಲದ ಎಷ್ಟೋ ಸಂಗತಿಗಳನ್ನು ಅವರು ತಿಳಿಸಿಕೊಡುತ್ತಾರೆ.

ಗಡಿಯಾರದ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಇಟಲಿಗಿಂತ ಗ್ರೀಸ್ ಒಂದು ಗಂಟೆ ಮುಂದೆ. ಹಡಗಿನ ಗಡಿಯಾರವನ್ನು ಕೆಲವೊಮ್ಮೆ ಊರಿನ ಸಮಯಕ್ಕೆ ಹೊಂದಿಸುತ್ತಾರೆ, ಕೆಲವೊಮ್ಮೆ ಇಲ್ಲ. ಕೈಯಲ್ಲಿನ ಮೊಬೈಲು ಮಾತ್ರ ದಡದ ಸಂಕೇತ ಸಿಕ್ಕಿದೊಡನೆ ತಾನಾಗಿಯೇ ಬದಲಾಗಿಬಿಡುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಹಳೆಯ ಕೈಗಡಿಯಾರವೊಂದನ್ನು ಕಟ್ಟಿಕೊಂಡು ಹೋಗುವುದೇ ಇದಕ್ಕೆ ಪರಿಹಾರ. ದಿನವೂ ಕೋಣೆಗೆ ಬರುವ ಕಾರ್ಯಕ್ರಮ ಪಟ್ಟಿಯಲ್ಲಿ ಆ ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ ಇರುತ್ತದೆ. ಅದನ್ನು ಹರಿದು ಜೇಬಿನಲ್ಲಿಟ್ಟುಕೊಳ್ಳಬೇಕು. ಹಡಗಿನ ಕಾರ್ಡು, ಪಾಸ್‌ಪೋರ್ಟಿನ ನಕಲು ಪ್ರತಿಯೂ ಜೊತೆಗಿರಲಿ.

ವೀಸಾದ ಬಗ್ಗೆಯೂ ಜಾಹೀರಾತುಗಳು ‘ವೀಸಾ ನೆರವು ಉಂಟು’ ಎಂಬಲ್ಲಿಗೆ ನಿಲ್ಲಿಸುತ್ತವೆ. ಇಟಲಿಯಲ್ಲಿ ಹತ್ತಿ ಟರ್ಕಿಯನ್ನೋ ಟುನೀಸಿಯಾವನ್ನೋ ಮುಟ್ಟಿ ಮತ್ತೆ ಇಟಲಿಗೆ ಬರುವ ಹಡಗಾದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ಸಾಲದು, ಬಹುಪ್ರವೇಶದ್ದೇ ಬೇಕು; ಟರ್ಕಿಯ ನಿಯಮವನ್ನು ಬೇರೆಯೇ ವಿಚಾರಿಸಿಕೊಳ್ಳಬೇಕು. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದಾಗಿದ್ದು, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬರುವ ಖರ್ಚನ್ನೂ ದಿನವನ್ನೂ ನಮ್ಮ ಕಡೆಯವರು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ಗೊತ್ತಾದ ದಿನಕ್ಕೆ ಅಲ್ಲಿ ತಲುಪುವುದೇ ಒಂದು ಸಾಹಸ.

ಇಷ್ಟನ್ನೂ ಪ್ರವಾಸಿಗರೇ ಹುಡುಕಿ ತಿಳಿಯಲಿ ಎಂದರೆ ಪ್ರವಾಸ ಸಂಸ್ಥೆಗಳು ತೆಗೆದುಕೊಳ್ಳುವ ಹಣಕ್ಕೆ ಅರ್ಥವಿಲ್ಲ. ಕಳೆದ ವರ್ಷ ನನ್ನ ಕೈಗೆ ಬಂದ ಕರಪತ್ರವೊಂದರಲ್ಲಿ ರೋಮ್‌ನ ಹೆಸರಿನ ಕೆಳಗೆ ಕೊಲೊಸಿಯಂ, ವ್ಯಾಟಿಕನ್ ಮ್ಯೂಸಿಯಂ, ಟ್ರೆವಿ, ಸ್ಪ್ಯಾನಿಷ್ ಮೆಟ್ಟಿಲು ಇಷ್ಟೂ ಒಂದೇ ದಿನಕ್ಕೆ ಅಚ್ಚಾಗಿದ್ದವು. ಚಿವಿತಾವೆಕ್ಕಿಯಾದ ಹೆಸರು ಎಲ್ಲಿಯೂ ಇರಲಿಲ್ಲ, ಟಿಕೆಟುಗಳ ಹಣ ಯಾರದೆಂಬುದೂ ಇರಲಿಲ್ಲ. ದೂರವಾಣಿಯಲ್ಲಿ ವಿಚಾರಿಸಿದಾಗ “ಅಲ್ಲಿ ನಮ್ಮವರು ಇರ್ತಾರೆ ಮೇಡಂ, ಎಲ್ಲ ನೋಡಿಕೊಳ್ತಾರೆ” ಎಂಬ ಉತ್ತರ ಸಿಕ್ಕಿತು. ಸಂಸ್ಥೆಗಳು ಪ್ರತಿ ಊರಿನ ಹೆಸರಿನ ಜೊತೆಗೆ ಹಡಗು ನಿಲ್ಲುವ ಬಂದರಿನ ಹೆಸರು, ಅಲ್ಲಿಂದ ಊರಿಗಿರುವ ಕಿಲೋಮೀಟರ್, ದಡದಲ್ಲಿ ನಿಜವಾಗಿ ಸಿಗುವ ಗಂಟೆ, ಹಣದಲ್ಲಿ ಸೇರಿರುವ ಪ್ರವೇಶ ಟಿಕೆಟುಗಳು ಹಾಗೂ ಬೇಕಾದ ವೀಸಾದ ಬಗೆ ಇವಿಷ್ಟನ್ನು ಬರೆದು ಕೊಡಲಿ. ತಮ್ಮ ಪತ್ರಿಕೆಯೂ ಇಂತಹ ಜಾಹೀರಾತುಗಳನ್ನು ಸ್ವೀಕರಿಸುವಾಗ ಬಂದರಿನ ಹೆಸರನ್ನಾದರೂ ಕೇಳಿ ಹಾಕಿಸಿದರೆ ಮುಂದಿನ ಬೇಸಗೆಗೆ ಹೊರಡುವ ಓದುಗರಿಗೆ ಉಪಕಾರವಾದೀತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಉಪನ್ಯಾಸಕಿ,
ಕುಂಜಿಬೆಟ್ಟು, ಉಡುಪಿ